ಮೂಲೆ ಹರಿದ ಕಾರ್ಡು

1976ರ ಫೆಬ್ರವರಿಯಲ್ಲಿ ನಾನು ತುರುವನೂರು ಕಡೆಯ ಒಂದು ಹಳ್ಳಿಯಲ್ಲಿ ಸಬ್ ಪೋಸ್ಟ್‌ಮಾಸ್ಟರ್ ಆಗಿದ್ದೆ. ಊರಿನ ಹೆಸರು ಬೇಡ. ಆ ಮನೆಯವರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ. ತುರ್ತು ಪರಿಸ್ಥಿತಿ ಹೇರಿ ಎಂಟು ತಿಂಗಳಾಗಿತ್ತು. ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೆ, ಕಚೇರಿಗಳಲ್ಲಿ ಶಿಸ್ತು ಬಂದಿದೆ ಎಂದು ಹೊಗಳಿದವರಲ್ಲಿ ನಾನೂ ಒಬ್ಬ. ಸುಳ್ಳೇಕೆ ಹೇಳಲಿ?

ಒಂದು ದಿನ ಮೇಲಿನವರು ಕರೆಸಿ ಎಂಟು ಹೆಸರುಗಳ ಪಟ್ಟಿ ಕೊಟ್ಟರು. ಆ ಹೆಸರಿಗೆ ಬಂದ ಕಾಗದಗಳನ್ನು ಹಂಚದೆ, ಬೇರೆ ಲಕೋಟೆಯಲ್ಲಿಟ್ಟು ಚಿತ್ರದುರ್ಗಕ್ಕೆ ಕಳಿಸಬೇಕು. ಅಲ್ಲಿ ಪೊಲೀಸರು ಓದಿ ವಾಪಸ್ ಕಳಿಸಿದ ಮೇಲೆ ಬಟವಾಡೆ. ಇದಕ್ಕೆ ಇಂಟರ್‌ಸೆಪ್ಷನ್ ಎನ್ನುತ್ತಾರೆ. ನೆಟ್ಟಗೆ ಹೇಳಬೇಕೆಂದರೆ, ಇನ್ನೊಬ್ಬರ ಕಾಗದವನ್ನು ಅವರಿಗಿಂತ ಮೊದಲು ಓದುವ ಕೆಲಸ. ಹೋಗಿಬರಲು ನಾಲ್ಕೈದು ದಿನ ಹಿಡಿಯುತ್ತಿತ್ತು. ಯಾರಿಗಾದರೂ ಬಾಯಿಬಿಟ್ಟರೆ ನೌಕರಿ ಹೋಗುತ್ತದೆ, ಜೈಲೂ ಆಗಬಹುದು ಎಂದರು. ನಾನು "ಆಗಲಿ ಸಾರ್" ಎಂದು ಬಂದುಬಿಟ್ಟೆ.

ಪಟ್ಟಿಯ ಮೊದಲ ಹೆಸರು ಸಿದ್ದಪ್ಪಜ್ಜನದು. ಎಪ್ಪತ್ತು ದಾಟಿದ ಕುರಿಗಾರ. ಬ್ರಿಟಿಷರ ಕಾಲದಲ್ಲಿ ಜೈಲು ಕಂಡವನು. ಊರ ಕಟ್ಟೆಯ ಮೇಲೆ ಕೂತು, "ಆಗ ಅವರ ಭಯ ಇತ್ತು, ಈಗ ನಮ್ಮೋರ ಭಯ" ಎಂದದ್ದೇ ಅವನ ಅಪರಾಧ. ವಯಸ್ಸಾಗಿದೆಯೆಂದು ಹಿಡಿದೊಯ್ಯಲಿಲ್ಲ. ಆದರೆ ಅವನ ಮನೆಯೆದುರಿನ ಚಾ ಹೋಟೆಲಿನ ಬೆಂಚಿನ ಮೇಲೆ ಮಫ್ತಿಯಲ್ಲಿ ಒಬ್ಬ ಪೇದೆಯನ್ನು ಕೂರಿಸಿದ್ದರು. ಅಜ್ಜನ ಮನೆಗೆ ಬಂದವರ ಹೆಸರನ್ನೆಲ್ಲ ಅವನು ಬರೆದುಕೊಳ್ಳುತ್ತಿದ್ದ. ಅಂಥ ಮನೆಗೆ ಯಾರು ಹೋಗುತ್ತಾರೆ? ನೆಂಟರು ಸಹ ದೂರವಾದರು.

ಆ ಮಂಗಳವಾರ ಬಂದ ಟಪಾಲಿನಲ್ಲಿ ಅಜ್ಜನಿಗೊಂದು ಪೋಸ್ಟ್ ಕಾರ್ಡ್ ಇತ್ತು. ಅದರ ಮೂಲೆ ಹರಿದಿತ್ತು. ನಮ್ಮ ಕಡೆ ಸಾವಿನ ಸುದ್ದಿಯ ಕಾರ್ಡನ್ನು ಹಾಗೆ ಮೂಲೆ ಹರಿದೇ ಹಾಕುತ್ತಾರೆ. ಹೊಸದುರ್ಗದಿಂದ ಅಳಿಯ ಬರೆದಿದ್ದ: "ಗೌರಮ್ಮ ಭಾನುವಾರ ತೀರಿಕೊಂಡಳು. ಗುರುವಾರ ಹಾಲುತುಪ್ಪ. ತವರಿನವರಿಗೆ ಕಾಯುತ್ತೇವೆ." ಗೌರಮ್ಮ ಅಜ್ಜನ ಒಬ್ಬಳೇ ಮಗಳು. ಹಾಲುತುಪ್ಪದ ದಿನ ಗೋರಿಗೆ ಮೊದಲು ಹಾಲೆರೆಯುವವರು ತವರಿನವರೇ. ಬೇರೆ ಮನೆಯಾಗಿದ್ದರೆ ಸುದ್ದಿ ಹೇಳಲು ಆಳು ಬರುತ್ತಿದ್ದ. ಪೇದೆಗೆ ಹೆದರಿ ಕಾರ್ಡು ಹಾಕಿದ್ದರು.

ಪೋಸ್ಟ್‌ಮ್ಯಾನ್ ತಿಪ್ಪೇಸ್ವಾಮಿ ಅದನ್ನು ಓದಿ ನನ್ನ ಮುಖ ನೋಡಿದ.

"ಇದನ್ನೂ ಕಳಿಸ್ತೀರಾ ಸಾರ್?"

"ಪಟ್ಟೀಲಿ ಹೆಸರು ಐತಲ್ಲಪ್ಪ. ನಾನೇನ್ ಮಾಡ್ಲಿ?"

"ಸತ್ತ ಸುದ್ದೀಲಿ ಏನ್ ಹುಡುಕ್ತಾರ್ ಸಾರ್ ಇವ್ರು?"

ನಾನು ಕಾರ್ಡನ್ನು ಒಳಗಿಟ್ಟು ಲಕೋಟೆ ಅಂಟಿಸಿದೆ. ನನಗೆ ಮೂವರು ಹೆಣ್ಣುಮಕ್ಕಳಿದ್ದರು ಎಂಬುದು ನೆಪವೋ ಕಾರಣವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ತಿಪ್ಪೇಸ್ವಾಮಿ ಚೀಲ ಹೆಗಲಿಗೇರಿಸಿ ಹೊರಟ. ಅಜ್ಜನ ಕೇರಿಯ ಒಂದು ಕಾಗದವೂ ಆ ದಿನ ಅವನ ಚೀಲದಲ್ಲಿರಲಿಲ್ಲ; ಆದರೂ ಆ ಕಡೆಗೇ ತಿರುಗಿದ. ಇವನು ಬಾಯಿಬಿಟ್ಟರೆ ಇಬ್ಬರೂ ಮುಳುಗುತ್ತೇವೆ ಎಂದು, ಕಚೇರಿ ಬಾಗಿಲೆಳೆದು ಅವನ ಹಿಂದೆಯೇ ಓಡಿದೆ.

ಅಜ್ಜ ಜಗಲಿಯ ಮೇಲೆ ಕೂತು ಉಣ್ಣೆ ಹಿಂಜುತ್ತಿದ್ದ. ದಿನವೂ ತಿಪ್ಪೇಸ್ವಾಮಿ ಅಲ್ಲಿ ಕೂತು ಒಂದು ಚೊಂಬು ಮಜ್ಜಿಗೆ ಕುಡಿದೇ ಮುಂದೆ ಹೋಗುವುದು.

"ಬಾರಪ್ಪ, ಕುಂತ್ಕ. ಮಜ್ಜಿಗೆ ಐತೆ" ಎಂದ ಅಜ್ಜ.

ತಿಪ್ಪೇಸ್ವಾಮಿ ಜಗಲಿ ಹತ್ತಲಿಲ್ಲ. ಬೀದಿಯಲ್ಲೇ ನಿಂತ. ಸೊಸೆ ತಂದ ಚೊಂಬನ್ನು ಅಜ್ಜ ಮುಂದೆ ಚಾಚಿದರೆ ಕೈ ನೀಡಲಿಲ್ಲ, ತಲೆ ತಗ್ಗಿಸಿದ. ಸಾವಿನ ಕಾಗದ ತಂದ ಪೋಸ್ಟ್‌ಮ್ಯಾನ್ ಆ ಮನೆಯ ಜಗಲಿ ತುಳಿಯುವುದಿಲ್ಲ, ನೀರು ಮುಟ್ಟುವುದಿಲ್ಲ, ಹೋಗುವಾಗ "ಬರ್ತೀನಿ" ಅನ್ನುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಇದು ಮಕ್ಕಳಿಗೂ ಗೊತ್ತು. ಅವನ ಕೈಯಲ್ಲಿ ಮಾತ್ರ ಕಾಗದವಿರಲಿಲ್ಲ.

ಅಜ್ಜ ಚೊಂಬನ್ನು ಕೆಳಗಿಟ್ಟ. ಎದುರಿನ ಬೆಂಚಿನ ಪೇದೆಯನ್ನೊಮ್ಮೆ ನೋಡಿದ, ತಿಪ್ಪೇಸ್ವಾಮಿಯನ್ನೊಮ್ಮೆ ನೋಡಿದ. ಯಾರು, ಎಲ್ಲಿ, ಯಾವಾಗ, ಒಂದು ಮಾತೂ ಕೇಳಲಿಲ್ಲ. ತಿಪ್ಪೇಸ್ವಾಮಿ ಬೆನ್ನು ತಿರುಗಿಸಿ ನಡೆದ. ನಾನು ಬೇವಿನ ಮರದ ಮರೆಯಲ್ಲಿ ಕಳ್ಳನ ಹಾಗೆ ನಿಂತಿದ್ದೆ.

ಬುಧವಾರ ಬೆಳಿಗ್ಗೆ ಅಜ್ಜ ಕಂಬಳಿ ಹೊದ್ದು ಬಸ್ಸಿಗೆ ನಿಂತಿದ್ದ. ಪೇದೆ ಗಾಬರಿಯಾಗಿ ಎದ್ದುಬಂದ. "ನೀನೂ ಬಾರಪ್ಪ, ಹೋಗಾಣ. ಹೆಂಗೂ ಬರಕಬೇಕಲ್ಲ" ಎಂದು ಅವನನ್ನೂ ಹತ್ತಿಸಿಕೊಂಡ.

ಮುಂದಿನ ವಾರ ಪೊಲೀಸ್ ಇನ್‌ಸ್ಪೆಕ್ಟರು ನಮ್ಮಿಬ್ಬರನ್ನೂ ಕರೆಸಿದರು. ಕಾರ್ಡು ದುರ್ಗದಲ್ಲೇ ಇರುವಾಗ ಮುದುಕ ಹಾಲುತುಪ್ಪಕ್ಕೆ ಹೋದದ್ದು ಹೇಗೆ?

"ಏನು ಹೇಳಿದೆಯೋ ಅವನಿಗೆ?"

"ಏನೂ ಹೇಳಿಲ್ಲ ಸಾರ್. ಮಜ್ಜಿಗೆ ಕುಡೀಲಿಲ್ಲ, ಅಷ್ಟೇ."

ಪೇದೆಯ ವರದಿಯಲ್ಲೂ ಅಷ್ಟೇ ಇತ್ತು: ಪೋಸ್ಟ್‌ಮ್ಯಾನ್ ಬಂದ, ಮಾತಾಡಲಿಲ್ಲ, ಹೋದ. ಇನ್‌ಸ್ಪೆಕ್ಟರು ಹೊರಗಿನವರು. ವರದಿಯನ್ನು ಎರಡು ಸಲ ಓದಿ, ತಲೆ ಕೆರೆದುಕೊಂಡು, ನಮ್ಮನ್ನು ಬೈದು ಕಳಿಸಿದರು. ಅಬ್ಬಾ, ನಮ್ಮ ಹಳ್ಳಿಯವರು ಎಂಥ ಜನ ಕಣ್ರೀ! ಟಪಾಲು, ತಂತಿ, ಪತ್ರಿಕೆ, ಭಾಷಣ, ಎಲ್ಲಕ್ಕೂ ಕಡಿವಾಣ ಹಾಕಿದ ಸರ್ಕಾರಕ್ಕೆ ಇದೊಂದು ಸಿಗಲಿಲ್ಲ. ತಿಪ್ಪೇಸ್ವಾಮಿಯ ಮುಂದೆ ನಾನು ಎಷ್ಟು ಸಣ್ಣವನೆಂದು ಆ ದಿನ ಅನ್ನಿಸಿತು.

1977ರಲ್ಲಿ ತುರ್ತು ಪರಿಸ್ಥಿತಿ ಹೋದ ಮೇಲೆ ಅಜ್ಜ ಒಂದು ದಿನ ಕಾರ್ಡು ಕೊಳ್ಳಲು ಬಂದ. ನನಗೆ ತಡೆಯಲಾಗಲಿಲ್ಲ. ನಡೆದದ್ದನ್ನೆಲ್ಲ ಹೇಳಿ ಕೈಮುಗಿದು, "ಅವತ್ತು ತಿಪ್ಪೇಸ್ವಾಮೀನ ಒಂದು ಮಾತು ಯಾಕೆ ಕೇಳ್ಲಿಲ್ಲ ಅಜ್ಜ?" ಎಂದೆ.

"ಕೇಳಿದ್ರೆ ಹೇಳ್ಬಿಡ್ತಿದ್ದ ಸ್ವಾಮಿ. ಆ ಪೊಲೀಸಪ್ಪನ ಎದುರಿಗೇ ಹೇಳ್ತಿದ್ದ. ಮಕ್ಕಳೊಂದಿಗ, ಅವನ ಅನ್ನ ಕಳೀಬೇಕಿತ್ತಾ?"

"ಮತ್ತೆ ಎಲ್ಲಿಗೆ ಹೋಗಬೇಕು ಅಂತ ಹೆಂಗ್ ಗೊತ್ತಾಯ್ತು?"

"ಗೊತ್ತಿರಲಿಲ್ಲ. ಹೊಳಲ್ಕೆರೇಲಿ ತಂಗಿ, ಹೊಸದುರ್ಗದಾಗೆ ಮಗಳು. ನನ್ನೋರು ಅಂತ ಹೊರಗೆ ಇದ್ದೋರು ಇಬ್ರೇ. ಮೊದಲು ಹೊಳಲ್ಕೆರೇಲಿ ಇಳಿದೆ. ತಂಗಿ ಅಂಗಳದಾಗೆ ರಾಗಿ ಕೇರ್ತಾ ಇದ್ಲು. 'ಅಣ್ಣಾ' ಅಂತ ನಗ್ತಾ ಎದ್ದು ಬಂದ್ಲು. ಅವಳು ಬದುಕವ್ಳಲ್ಲ ಅಂತ ಒಂದ್ ಗಳಿಗೆ ಖುಷಿಯಾತು ಸ್ವಾಮಿ. ಆಮೇಲೆ ಅಲ್ಲೇ ಕುಸಿದು ಕುಂತೆ."

ನನ್ನ ನೌಕರಿಯಲ್ಲಿ ಒಂದು ಕಾಗದವನ್ನೂ ಕಳೆದವನಲ್ಲ ನಾನು. ಆ ಕಾರ್ಡು ಸಹ ಕಳೆಯಲಿಲ್ಲ. ಶನಿವಾರ ಸಂಜೆ ವಾಪಸ್ ಬಂತು, ಸೋಮವಾರ ಬಟವಾಡೆಯಾಯಿತು. ನನ್ನ ಕೆಲಸದಲ್ಲಿ ಯಾರೂ ಒಂದು ತಪ್ಪು ಹುಡುಕಲಾರರು. ಒಬ್ಬ ತಂದೆ, ಸತ್ತವಳು ತಂಗಿಯೋ ಮಗಳೋ ತಿಳಿಯದೆ ಬಸ್ಸಿನಲ್ಲಿ ಕೂತದ್ದು ಆ ತಪ್ಪಿಲ್ಲದ ಕೆಲಸದಿಂದಲೇ. ಅಂಥ ಆಳ್ವಿಕೆ ನಡೆಯುವುದು ದುಷ್ಟರಿಂದ ಮಾತ್ರ ಅಲ್ಲ, "ಆಗಲಿ ಸಾರ್" ಎನ್ನುವ ನನ್ನಂಥವರಿಂದಲೂ.