ಆ ಮನೆಯಲ್ಲಿಲ್ಲದ ವಾಸನೆ

ಭದ್ರಾವತಿಯ ಉಚ್ಚಂಗಮ್ಮ ಹೆಗ್ಗಣ ಹಿಡಿಯುವುದನ್ನು ಕಲಿತದ್ದು ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ. ಹನ್ನೆರಡು ವರ್ಷ ಅಲ್ಲಿ ಪಾತ್ರೆ ತೊಳೆದಳು. ಕ್ಯಾಂಟೀನು ಮುಚ್ಚಿದಾಗ ಪಾತ್ರೆಗಳನ್ನು ಯಾರೋ ಹೊತ್ತೊಯ್ದರು, ಬೋನುಗಳನ್ನು ಯಾರೂ ಕೇಳಲಿಲ್ಲ. ನಾಲ್ಕು ಬೋನು ಅವಳ ಮನೆಗೆ ಬಂದವು. ಅಂದಿನಿಂದ ಅವಳ ಸಂಸಾರ ಹೆಗ್ಗಣಗಳಿಂದ ನಡೆಯುತ್ತಿದೆ. ಅವುಗಳ ಮೇಲೆ ಅವಳಿಗೆ ದೂರೇನೂ ಇಲ್ಲ.

ಬೋನಿಗಿಂತ ಮುಖ್ಯ, ಅದರ ಕೊಕ್ಕೆಗೆ ಕಟ್ಟುವ ಗೋಣಿದಾರ. ತಿಂಡಿ ಸಿಕ್ಕಿಸಿದರೆ ಬುದ್ಧಿವಂತ ಹೆಗ್ಗಣ ಮೆಲ್ಲಗೆ ಕಿತ್ತುಕೊಂಡು ಹೋಗುತ್ತದೆ. ಎಣ್ಣೆ ಕುಡಿದ ದಾರವನ್ನು ಬಿಗಿಯಾಗಿ ಕಟ್ಟಿದರೆ ಜಗ್ಗಲೇಬೇಕು. ಜಗ್ಗಿದರೆ ಬಾಗಿಲು ಬೀಳಲೇಬೇಕು.

ಎಣ್ಣೆ ಕೋಳಿಯದು. ಮೊಟ್ಟೆಯಿಡುವುದನ್ನು ನಿಲ್ಲಿಸಿದ ಮುದಿ ಕೋಳಿಗಳ ಹೊಟ್ಟೆಯ ಹಳದಿ ಕೊಬ್ಬನ್ನು ಅಂಗಡಿಯವನು ಎಸೆಯುವ ಮುಂಚೆ ಕೇಳಿ ತರುತ್ತಾಳೆ. ಸಣ್ಣಗೆ ಹೆಚ್ಚಿ, ಒಂದು ಲೋಟ ನೀರು ಹಾಕಿ, ಸಣ್ಣ ಉರಿಯಲ್ಲಿ ಇಡುತ್ತಾಳೆ. ಉಪ್ಪಿಲ್ಲ, ಅರಿಸಿನವಿಲ್ಲ. ನೀರಿರುವವರೆಗೆ ಚಟಪಟ ಅನ್ನುತ್ತದೆ; ಸದ್ದು ನಿಂತ ಕೂಡಲೇ ಇಳಿಸಿ ಬಟ್ಟೆಯಲ್ಲಿ ಸೋಸಬೇಕು. ತಡವಾದರೆ ಸೀಯುತ್ತದೆ. ಸೀದ ಎಣ್ಣೆಯನ್ನು ಹೆಗ್ಗಣ ಮೂಸಿ, ಬೀಗರ ಮನೆಯಲ್ಲಿ ಮರ್ಯಾದೆ ಕಡಿಮೆಯಾದವರಂತೆ ತಿರುಗಿ ಹೋಗುತ್ತದೆ.

ಒಂದು ಬೆಳಿಗ್ಗೆ ಶಿವಮೊಗ್ಗದ ಆಲ್ಕೊಳದಿಂದ ಶ್ರೀಗೌರಿ ಎಂಬಾಕೆಯ ಫೋನ್ ಬಂತು.

"ನಮ್ ಪಾಪು ಬೆರಳನ್ನ ಹೆಗ್ಗಣ ಕಚ್ಚಿದೆ ಅನ್ಸುತ್ತೆ."

"ಅನ್ಸುತ್ತೋ, ಕಚ್ಚೈತೋ?"

"ಕೆಂಪಗಿತ್ತು. ಡಾಕ್ಟ್ರು ಸೊಳ್ಳೆ ಅಂದ್ರು. ಇನ್ನೊಬ್ಬ ಡಾಕ್ಟ್ರೂ ಸೊಳ್ಳೆ ಅಂದ್ರು. ಆದ್ರೆ ನಿನ್ನೆ ತೊಟ್ಟಿಲ ಕೆಳಗೇ ಇತ್ತು, ನಾನೇ ನೋಡ್ದೆ."

ಉಚ್ಚಂಗಮ್ಮ ಬೋನು, ಎಣ್ಣೆ ಡಬ್ಬಿ ಹಿಡಿದು ಬಸ್ಸು ಹತ್ತಿದಳು. ಶ್ರೀಗೌರಿ ಒಂಬತ್ತು ತಿಂಗಳ ಸುಘೋಷನನ್ನು ಸೊಂಟದ ಮೇಲೆ ಇಟ್ಟುಕೊಂಡೇ ಬಾಗಿಲು ತೆಗೆದಳು. ಆರು ದಿನದಿಂದ ಮಗುವನ್ನು ನೆಲಕ್ಕೆ ಬಿಟ್ಟಿಲ್ಲವಂತೆ. ವಿಷ ಇಡುವಂತಿಲ್ಲ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾನೆ. ಅಂಟುಹಾಳೆ ಇಟ್ಟಿದ್ದರು, ಅದಕ್ಕೆ ಬಿದ್ದದ್ದು ಮಗುವಿನ ಕಾಲುಚೀಲ ಮಾತ್ರ.

ಡಬ್ಬಿಯ ಮುಚ್ಚಳ ತೆಗೆಯುತ್ತಲೇ ಅಡುಗೆಮನೆಯಿಂದ ಅತ್ತೆ ಸೀತಮ್ಮ ಬಂದರು.

"ಅದೆಂಥ ಎಣ್ಣೆ?"

ಉಚ್ಚಂಗಮ್ಮ ಸುಳ್ಳು ಹೇಳುವವಳಲ್ಲ. ಹೇಳಿದರೆ ಯಾವ ಮನೆಗೆ ಯಾವ ಸುಳ್ಳು ಎಂದು ನೆನಪಿಡಬೇಕು. "ಕೋಳಿದು" ಎಂದಳು.

"ಮುಚ್ಚು ಮಾರಾಯ್ತಿ, ಮುಚ್ಚು! ತುಪ್ಪ ಕೊಡ್ತೀನಿ. ಈಗ್ತಾನೆ ಕಾಯ್ಸಿದ್ದು."

ತುಪ್ಪದಲ್ಲಿ ಅದ್ದಿದ ದಾರ ಕಟ್ಟಿ ಹೋದಳು. ಮೂರು ದಿನ ಹೆಗ್ಗಣ ಬೋನಿನ ಪಕ್ಕದಲ್ಲೇ ಓಡಾಡಿತು, ಒಳಗೆ ಇಣುಕಲಿಲ್ಲ. ನಾಲ್ಕನೆಯ ದಿನ ಉಚ್ಚಂಗಮ್ಮ ಬಂದು ತೊಟ್ಟಿಲ ಹತ್ತಿರ ನೆಲದ ಮೇಲೆ ಕುಳಿತು ಸುತ್ತ ನೋಡಿದಳು. ತೊಟ್ಟಿಲ ಕಾಲಿಗೆ ತುಪ್ಪದನ್ನದ ಅಗುಳು ಒಣಗಿ ಅಂಟಿತ್ತು. ಬಾಗಿಲ ಚೌಕಟ್ಟಿನ ಮೇಲೆ ಜಿಡ್ಡಿನ ಪುಟ್ಟ ಅಂಗೈ ಗುರುತು.

"ತಪ್ಪು ನಂದೇ ಅಮ್ಮಾ. ಈ ಮನೇಲಿ ಎಲ್ಲೆಲ್ಲೂ ತುಪ್ಪ ಐತೆ, ಮಗು ಬೆರಳಲ್ಲೂ ಐತೆ. ಪುಕ್ಕಟೆ ಸಿಗೋವಾಗ ಅದ್ಯಾಕೆ ದಾರ ಜಗ್ಗುತ್ತೆ? ಮನೇಲಿ ಇಲ್ದಿರೋ ವಾಸನೆ ಬೇಕು. ನಮ್ ಭದ್ರಾವತಿ ಕ್ವಾರ್ಟರ್ಸಲ್ಲಿ ಎಲ್ರೂ ಕೋಳಿ ತಿಂತಾರೆ. ಅಲ್ಲಿ ನಾನು ತುಪ್ಪನೇ ಕಟ್ಟೋದು."

ಬೆರಳು ಎಂದದ್ದೇ ತಡ, ಶ್ರೀಗೌರಿ ಮಗುವಿನ ಕೈ ತೊಳೆಯಲು ಓಡಿದಳು. ಬಂದು ಮೂಸಿ ನೋಡಿ ಮತ್ತೆ ಓಡಿದಳು. "ಅತ್ತೇ, ದಯವಿಟ್ಟು ಒಪ್ಕೊಳ್ಳಿ" ಎಂದು ಬಚ್ಚಲಿನಿಂದಲೇ ಕೂಗಿದಳು.

ಸೀತಮ್ಮ ಡಬ್ಬಿಯನ್ನು ದೂರದಿಂದಲೇ ನೋಡಿ ಕೇಳಿದರು:

"ಅದನ್ನ ಯಾವಾಗ ಇಳಿಸ್ತೀ?"

"ಸದ್ದು ನಿಂತ ಕೂಡ್ಲೆ."

"ಕೇಳಿದ್ಯೇನೇ ಗೌರೀ? ಮೂರು ವರ್ಷದಿಂದ ಬಡ್ಕೋತಿದ್ದೀನಿ, ತುಪ್ಪ ಕಾಯ್ಸೋವಾಗ ಸದ್ದು ಕೇಳು ಅಂತ. ಇವಳು ಮೊಬೈಲಲ್ಲಿ ಟೈಮರ್ ಇಡ್ತಾಳೆ." ಉಚ್ಚಂಗಮ್ಮನ ಕಡೆ ತಿರುಗಿ, "ನಾನು ದೇವರಮನೆ ಬಾಗಿಲು ಹಾಕ್ಕೊಂಡು ಕೂತಿರ್ತೀನಿ. ನೀನು ಏನು ಕಟ್ಟಿದೆ ಅಂತ ನಂಗೆ ಹೇಳ್ಬೇಡ" ಎಂದರು.

ಮರುದಿನ ಬೆಳಿಗ್ಗೆ ಆರಕ್ಕೇ ಫೋನ್ ಬಂತು. ಉಚ್ಚಂಗಮ್ಮ ಬಂದು ನೋಡಿದರೆ ಬೋನಿನ ಬಾಗಿಲು ಬಿದ್ದಿತ್ತು. ಒಳಗೆ ಹೊರಳಲೂ ಜಾಗವಿಲ್ಲದಷ್ಟು ದೊಡ್ಡ ಹೆಗ್ಗಣ, ಬಾಯಲ್ಲಿ ಇನ್ನೂ ದಾರದ ಎಳೆ.

"ಇಷ್ಟು ದಪ್ಪವಾ!" ಎಂದರು ಸೀತಮ್ಮ.

"ನಿಮ್ ತುಪ್ಪ ಅಮ್ಮಾ."

ಬೋನನ್ನು ಗೋಣಿಚೀಲಕ್ಕಿಳಿಸಿ ಬಾಯಿ ಕಟ್ಟಿದಳು. "ಇನ್ನೊಂದು ಇದ್ರೆ?" ಎಂದಳು ಶ್ರೀಗೌರಿ.

"ಇದ್ರೆ ಫೋನ್ ಮಾಡಿ, ಬರ್ತೀನಿ."

"ಅಷ್ಟು ದೂರದಿಂದ ಯಾಕೆ ಅಲೀತೀಯ? ಒಂದು ಬೋನು, ಡಬ್ಬಿ ಇಲ್ಲೇ ಇರ್ಲಿ" ಎಂದರು ಸೀತಮ್ಮ. "ಹಿತ್ತಲಲ್ಲಿ. ನಂಗೆ ಗೊತ್ತಿಲ್ಲ."

ಶ್ರೀಗೌರಿ ನೆಲವನ್ನು ಒರೆಸಿದಳು. ಮತ್ತೊಮ್ಮೆ ಒರೆಸಿದಳು. ಸುಘೋಷನನ್ನು ಕೆಳಗೆ ಇಳಿಸಿದಳು, ಆದರೆ ಅಂಗಿಯ ತುದಿಯನ್ನು ಕೈಯಿಂದ ಬಿಡಲಿಲ್ಲ. ಮಗು ಮುಂದಕ್ಕೆ ಹೋಗಲಾರದೆ ಇದ್ದಲ್ಲೇ ಅಂಬೆಗಾಲು ಆಡಿಸಿತು.

"ಬಿಡಿ ಅಕ್ಕಾ, ಹೋಗ್ಲಿ" ಎಂದಳು ಉಚ್ಚಂಗಮ್ಮ.

ಶ್ರೀಗೌರಿ ಬಿಟ್ಟಳು.