ಲಕೋಟೆಯ ಬೆನ್ನ ಮೇಲಿನ ಮೊಹರು

ಲವಂಗದ ವಾಸನೆ ಮೊದಲು ಬಂತು, ಲಕೋಟೆ ಆಮೇಲೆ ಕಂಡಿತು. ಹೋದ ತಿಂಗಳು ಗುಂಡ್ಲುಪೇಟೆಯ ನಮ್ಮ ಅಂಚೆ ಕಚೇರಿಗೆ ಆಪಾನ ಮಗಳು ಬಂದಿದ್ದಳು. ಸಾಲಿನಲ್ಲಿ ನಿಂತವರನ್ನೆಲ್ಲ ದಾಟಿ ಬಂದು ನನ್ನ ಕೌಂಟರಿಗೆ ಒಂದು ತಗಡಿನ ಡಬ್ಬಿ ತಳ್ಳಿದಳು. ಇದನ್ನ ನಿಮ್ಮ ಕೈಗೇ ಕೊಡಬೇಕು ಅಂತ ಅಮ್ಮ ಹೇಳಿದ್ರು ಅಂದಳು. ಹಿಂದೆ ರಿಜಿಸ್ಟರ್ಡ್ ಪೋಸ್ಟ್ ಹಿಡಿದು ನಿಂತಿದ್ದವರೊಬ್ಬರು ಗೊಣಗಿದರು. ಗೊಣಗಲಿ. ಡಬ್ಬಿ ತೆರೆದೆ. ಒಣಗಿದ ನಾಲ್ಕು ಲವಂಗ, ಅದರ ಮೇಲೆ ಹಳದಿಗೆ ತಿರುಗಿದ ಒಂದು ಏರ್‌ಮೇಲ್ ಲಕೋಟೆ. ಆಪಾ ತೀರಿಕೊಂಡು ಆಗಲೇ ನಲವತ್ತು ದಿನ ದಾಟಿತ್ತು. ನನ್ನ ಕೌಂಟರ್ ಆವತ್ತು ಅರ್ಧ ಗಂಟೆ ಮುಚ್ಚಿತ್ತು. ಇಷ್ಟು ವರ್ಷದ ಸರ್ವೀಸಿನಲ್ಲಿ ನಾನು ಹಾಗೆ ಎದ್ದು ಹೋದದ್ದು ಅದೊಂದೇ ಸಲ.

ಆಪಾ ನಮ್ಮ ಬೀದಿಯವರು. ಆಪಾ ಅಂದರೆ ಅವರ ಮನೆಮಾತಿನಲ್ಲಿ ಅಕ್ಕ. ಬೀದಿಗೆ ಬೀದಿಯೇ ಹಾಗೆ ಕರೆಯುತ್ತಿತ್ತು, ಗೌಡರ ಮನೆಯ ಅಜ್ಜಿ ಕೂಡ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದರು. ಕೈ ಎಷ್ಟು ನಾಜೂಕೋ ಬಾಯಿ ಅಷ್ಟೇ ಜೋರು. ರವಿಕೆ ಬಿಗಿಯಾಯ್ತು ಆಪಾ ಅಂತ ಹೋದರೆ, ನೀನು ದಪ್ಪ ಆದ್ರೆ ನನ್ ಕತ್ರಿ ಏನ್ ಮಾಡುತ್ತೆ ಕಣಮ್ಮಿ ಅನ್ನೋರು. ಅಂದ ಮೇಲೆ ಸುಮ್ಮನೆ ಬಿಚ್ಚಿ ಸಡಿಲ ಮಾಡಿಕೊಡೋರು.

ಅವರ ಬಾಯಿ ಒಂದೇ ಒಂದು ವಿಷಯಕ್ಕೆ ನಿಜವಾಗಿ ಕತ್ತಿಯಾಗುತ್ತಿತ್ತು. ಅದು ಅವರ ಅಬ್ಬಾನ, ಅಂದರೆ ಅಪ್ಪನ ವಿಷಯ.

ಅಬ್ಬಾ ಒಂದು ಕಾಲದಲ್ಲಿ ನಮ್ಮ ಗುಂಡ್ಲುಪೇಟೆ ಅಂಚೆ ಕಚೇರಿಯಲ್ಲೇ ಟೆಂಪರರಿ ಪ್ಯಾಕರ್ ಆಗಿದ್ದರಂತೆ. ಟಪಾಲು ಚೀಲ ಕಟ್ಟುವುದು, ಬಿಚ್ಚುವುದು, ಕಾಗದಕ್ಕೆ ಮೊಹರು ಹೊಡೆಯುವುದು. ಕೆಲಸ ಖಾಯಂ ಆಗಲಿಲ್ಲ. ಬಾಳೆಕಾಯಿ ಲಾರಿ ಹತ್ತಿ ಘಟ್ಟ ಇಳಿದು ಕಲ್ಲಿಕೋಟೆಗೆ ಹೋದರು, ಅಲ್ಲಿಂದ ಲಾಂಚ್ ಹತ್ತಿ ಅರಬ್ಬರ ಕಡೆಗೆ. ಹೋಗಿ ಮುಟ್ಟಿದ್ದು ಅಜ್ಮಾನ್ ಅನ್ನುವ ಊರು. ಊರು ಅನ್ನಬೇಕೋ ದೇಶ ಅನ್ನಬೇಕೋ... ಆಗ ಅದು ಒಬ್ಬ ಶೇಖನ ಪುಟ್ಟ ಸೀಮೆ, ಸಮುದ್ರದ ದಂಡೆಯ ಮೇಲೆ ಒಂದು ಕೋಟೆ, ಮೀನು ಹಿಡಿಯುವವರ ಮನೆಗಳು. ಅಲ್ಲಿ ಹೊಸದಾಗಿ ಅಂಚೆ ಕಚೇರಿ ತೆರೆದಿದ್ದರು. ಮೊಹರು ಹೊಡೆದು ಗೊತ್ತಿದ್ದವರು ಬೇಕಾಗಿತ್ತು, ಅಬ್ಬಾ ಸೇರಿಕೊಂಡರು. ಮನೆಗೆ ಬರೆದ ಮೊದಲ ಕಾಗದದಲ್ಲೇ, ಲಕೋಟೆಯ ಮೇಲಿನ ಮೊಹರು ನೋಡಿ, ಅದು ನನ್ನ ಕೈಯಿಂದಲೇ ಬಿದ್ದದ್ದು, ನನ್ನ ಕೈ ನೋಡಿದ ಹಾಗೆ ಅಂದುಕೊಳ್ಳಿ ಅಂತ ಬರೆದಿದ್ದರಂತೆ. ಹೀಗೆ ಹನ್ನೆರಡು ಕಾಗದ ಬಂದವು. ಹದಿಮೂರನೆಯದು ಬೇರೆ ಯಾರೋ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು. ಜ್ವರ ಬಂದು ತೀರಿಕೊಂಡರು, ಇಲ್ಲೇ ಮಣ್ಣು ಮಾಡಿದ್ದೇವೆ ಅಂತ. ಆಪಾನಿಗೆ ಆಗ ಹತ್ತು ವರ್ಷ.

ಆ ಲಕೋಟೆಗಳನ್ನು ಆಪಾ ಲವಂಗ ಹಾಕಿ ಡಬ್ಬಿಯಲ್ಲಿಟ್ಟಿದ್ದರು, ಹುಳ ಹಿಡಿಯಬಾರದು ಅಂತ. ನನಗೆ ಮೊದಲ ಸಲ ತೋರಿಸಿದಾಗ ನಾನು ಕೆಲಸಕ್ಕೆ ಸೇರಿದ ಹೊಸತು, ಸ್ಟಾಂಪಿನ ಹುಚ್ಚು ಬೇರೆ. ಕಣ್ಣು ಅರಳಿಬಿಟ್ಟಿತು. ಮೊದಲ ಲಕೋಟೆಗಳ ಮೇಲೆ ಆ ಸೀಮೆಯ ಶೇಖನ ಮುಖ, ಪಕ್ಕದಲ್ಲಿ ಮೀನು. ಬೆಲೆ ನಮ್ಮ ನಯಾ ಪೈಸೆಯಲ್ಲಿ! ಆ ಕಡೆಯವರು ಆಗ ರೂಪಾಯಿಯಲ್ಲೇ ವ್ಯವಹಾರ ಮಾಡುತ್ತಿದ್ದರು ಅನ್ನುವುದು ನನಗೆ ಗೊತ್ತಾದದ್ದೇ ಆಪಾನ ಡಬ್ಬಿಯಿಂದ. ಅದಕ್ಕೂ ಹಿಂದೆ ಪಕ್ಕದ ದುಬೈನಲ್ಲಿ ನಮ್ಮ ದೇಶದ್ದೇ ಅಂಚೆ ಕಚೇರಿ ಇತ್ತು, ಸ್ವಾತಂತ್ರ್ಯ ಬರುವವರೆಗೂ ಅಲ್ಲಿ ಅಂಟಿಸುತ್ತಿದ್ದದ್ದು ನಮ್ಮ ಸ್ಟಾಂಪೇ ಅಂತ ಆಮೇಲೆ ಓದಿ ತಿಳಿದುಕೊಂಡೆ. ಕಡೆಕಡೆಯ ಲಕೋಟೆಗಳಲ್ಲಿ ಮಾತ್ರ ಆ ಸೀಮೆಗೆ ಸಂಬಂಧವೇ ಇಲ್ಲದ ಬಣ್ಣಬಣ್ಣದ ಚಿತ್ರಗಳು, ಒಲಿಂಪಿಕ್ ಓಟಗಾರರು, ಆಕಾಶಯಾನದ ಟೋಪಿ ಹಾಕಿದವರು. ಅರಬ್ಬರ ಮೀನುಗಾರರಿಗೂ ಒಲಿಂಪಿಕ್ಸಿಗೂ ಎಲ್ಲಿಗೆಲ್ಲಿಯ ನೆಂಟು ಅಂತ ನಾನು ನಕ್ಕಿದ್ದೆ. ಆಪಾ ನಗಲಿಲ್ಲ.

ಅವರು ನಗದೆ ಇದ್ದುದಕ್ಕೆ ಕಾರಣವಿತ್ತು. ಅವರ ಚಿಕ್ಕಪ್ಪನ ಮಗ ಕೆಲವು ವರ್ಷ ಗಲ್ಫಿನಲ್ಲಿದ್ದು ಬಂದವನು. ಅಜ್ಮಾನಲ್ಲಿ ಆಗ ಎಲ್ಲಿತ್ತು ಅಂಚೆ ಕಚೇರಿ, ದೊಡ್ಡಪ್ಪ ಬಂದರಿನ ದಕ್ಕೆಯಲ್ಲಿ ಮೂಟೆ ಹೊತ್ತದ್ದು, ಮರ್ಯಾದೆಗೆ ಸರ್ಕಾರಿ ಕೆಲಸ ಅಂತ ಬರೆದದ್ದು ಅಂತ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಮೂಟೆ ಹೊತ್ತರೆ ಏನು ತಪ್ಪು, ಹೊರಲಿ ಎಂದು ಆಪಾನೇ ಹೇಳೋರು. ಆದರೆ ಅಬ್ಬಾ ಸುಳ್ಳು ಬರೆದರು ಅನ್ನುವುದನ್ನು ಅವರು ಸಾಯುವವರೆಗೂ ಒಪ್ಪಲಿಲ್ಲ. ಹೆಣ ಬರಲಿಲ್ಲ, ಗೋರಿ ಎಲ್ಲಿದೆ ಗೊತ್ತಿಲ್ಲ, ಒಂದು ಫೋಟೋ ಕೂಡ ಇಲ್ಲ. ಅವರಿಗೆ ಅಪ್ಪ ಅಂತ ಉಳಿದದ್ದು ಮೊಹರಿನ ಆ ಹನ್ನೆರಡು ಕಪ್ಪು ಉಂಗುರ.

ಚಾಮರಾಜನಗರ ಜಿಲ್ಲೆಯಾದ ಹೊಸತು ಅದು. ಎಲ್ಲವನ್ನೂ ಜಿಲ್ಲಾ ಮಟ್ಟದಲ್ಲಿ ಮಾಡುವ ಉತ್ಸಾಹ. ಚಾಮರಾಜನಗರದಲ್ಲಿ ಅಂಚೆಚೀಟಿ ಪ್ರದರ್ಶನವೂ ಬಂತು. ನಾನೇ ಆಪಾನ ಹಿಂದೆ ಬಿದ್ದೆ, ಕೊಡಿ ಆಪಾ, ನಿಮ್ಮ ಅಬ್ಬಾನ ಹೆಸರು ಹಾಕಿ ಬೋರ್ಡಿಗೆ ಹಾಕ್ತೀನಿ, ನಿಮ್ಮ ಚಿಕ್ಕಪ್ಪನ ಮಗನೂ ಬಂದು ನೋಡಲಿ ಅಂತ. ಅವರು ಮೂರು ದಿನ ಯೋಚನೆ ಮಾಡಿ ಹನ್ನೊಂದು ಲಕೋಟೆ ಎಣಿಸಿ ಕೊಟ್ಟರು. ಅಬ್ಬಾ ಬರೆದ ಕಡೆಯ ಕಾಗದದ ಲಕೋಟೆ ಮಾತ್ರ ಬುಡು ಅಂದರು.

ಇಲ್ಲಿ ನಾನು ಮಾಡಿದ್ದನ್ನು ಬರೆಯಬೇಕು. ಮುಚ್ಚಿಟ್ಟು ಏನಾಗಬೇಕಿದೆ.

ಸ್ಟಾಂಪ್ ಕೂಡಿಡುವ ಹೊಸಬರೆಲ್ಲ ಮಾಡುವ ಹಾಗೆ, ಲಕೋಟೆಯ ಮೂಲೆ ಕತ್ತರಿಸಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಸ್ಟಾಂಪು ಬಿಡಿಸಿ ಹಳೇ ಪೇಪರಿನ ನಡುವೆ ಒಣಗಿಸಿದೆ. ಹನ್ನೊಂದನ್ನೂ. ನೀಟಾಗಿ ಕಾಣಲಿ ಅಂತ. ಮೊಹರು ಅರ್ಧ ಸ್ಟಾಂಪಿನ ಮೇಲೆ, ಅರ್ಧ ಲಕೋಟೆಯ ಮೇಲೆ ಬಿದ್ದಿರುತ್ತದೆ. ದಿನಾ ಅದೇ ಮೊಹರು ನೋಡುವ ನನಗೆ ಅದು ಹೊಳೆಯಲೇ ಇಲ್ಲ. ಒದ್ದೆ ಕಾಗದದ ಚೂರುಗಳನ್ನೂ ಮೂಲೆ ಹೋದ ಲಕೋಟೆಗಳನ್ನೂ ಚರಂಡಿಗೆ ಎಸೆದೆ. ಥೂ ನನ್ನ ಜನ್ಮಕ್ಕೆ.

ಪ್ರದರ್ಶನದ ದಿನ ಬೆಳಿಗ್ಗೆ ತೀರ್ಪುಗಾರರು ಬಂದರು. ಮೈಸೂರಿನವರು, ಕೈಯಲ್ಲಿ ಭೂತಗನ್ನಡಿ. ನನ್ನ ಹಾಳೆಗಳ ಮುಂದೆ ನಿಂತು ಇವನ್ನು ತೆಗೆಸಿ ಅಂದರು. ಸಿಟ್ಟೇನೂ ಮಾಡಲಿಲ್ಲ, ಸಮಾಧಾನವಾಗಿ ವಿವರಿಸಿದರು. ಆ ಪುಟ್ಟ ಸೀಮೆಗಳು ಸ್ಟಾಂಪು ಅಚ್ಚು ಹಾಕಿಸುವುದನ್ನು ಹೊರದೇಶದ ಏಜೆಂಟರಿಗೆ ಬಿಟ್ಟುಕೊಟ್ಟಿದ್ದವು. ಅವರು ಮಕ್ಕಳ ಆಲ್ಬಮ್ಮಿಗೆ ಮಾರಲು ರಾಶಿರಾಶಿ ಅಚ್ಚು ಹಾಕಿದರು. ಮೊಹರನ್ನೂ ಪ್ರೆಸ್ಸಿನಲ್ಲೇ ಮೂಲೆಗೆ ಒತ್ತಿಸಿದರು. ಬಹಳಷ್ಟು ಸ್ಟಾಂಪುಗಳನ್ನು ಆ ಊರಿನವರೇ ಕಂಡವರಲ್ಲ. ಕೊನೆಗೆ ಆ ಸೀಮೆಗಳೆಲ್ಲ ಒಂದಾಗಿ ಒಂದೇ ಅಂಚೆ ಆದಮೇಲೆ ಅದು ನಿಂತಿತು. ಕ್ಯಾಟಲಾಗಿನಲ್ಲಿ ಇವಕ್ಕೆ ಜಾಗವಿಲ್ಲ, ಬರೀ ಬಣ್ಣದ ಕಾಗದ ಅಂದರು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಇವು ನಿಜವಾಗಿ ಓಡಾಡಿದವು ಸಾರ್ ಅಂದೆ. ಪ್ರೂಫ್ ಎಲ್ಲಮ್ಮಾ ಅಂದರು. ಪ್ರೂಫು ಚರಂಡಿ ಪಾಲಾಗಿತ್ತು.

ಆಪಾ ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಹನ್ನೊಂದರ ಹೊತ್ತಿಗೆ ಬಂದರು, ಹೊಸ ಬುರ್ಖಾ ಹಾಕಿಕೊಂಡು, ಮಗಳ ಕೈ ಹಿಡಿದುಕೊಂಡು. ಬೋರ್ಡು ಖಾಲಿ. ಹಾಳೆಗಳು ಮೇಜಿನ ಕೆಳಗೆ. ಬಗ್ಗಿ ಒಂದನ್ನು ಎತ್ತಿಕೊಂಡರು. ಸ್ಟಾಂಪಿನ ಮೇಲಿನ ಅರ್ಧ ಉಂಗುರದ ಮೇಲೆ ಬೆರಳಾಡಿಸಿ, ಉಳಿದರ್ಧ ಎಲ್ಲಿ ಅಂತ ಕೇಳಿದರು. ನಾನು ಹೇಳಿದೆ. ತೀರ್ಪುಗಾರರು ಹೇಳಿದ್ದನ್ನೂ ಹೇಳಿದೆ.

"ಅಬ್ಬಾನ ಕೈ ಕತ್ತರಿಸಿಬುಟ್ಟೆ ಕಣಮ್ಮಿ," ಅಂದರು. ಅಷ್ಟೇ. ಬೈದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ.

ನನಗೆ ಅಳು ಬಂತು. ಆಪಾನಿಗೆ ಬರಲಿಲ್ಲ. ಹನ್ನೊಂದು ಇರುವ ಕಡೆ ಹನ್ನೆರಡನೆಯದೂ ಒಂದು ಗಳಿಗೆ ಇರಲಿ ಅಂತ ಆ ಡಬ್ಬಿಯನ್ನು ಬ್ಯಾಗಿನಲ್ಲಿ ತಂದಿದ್ದರು. ಅದನ್ನು ತೆಗೆದುಕೊಂಡು ಸೀದಾ ತೀರ್ಪುಗಾರರ ಮೇಜಿಗೆ ನಡೆದರು. ಅವರು ಲಕೋಟೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು, ಬಹಳ ಹೊತ್ತು. ಎಡಕ್ಕೆ ವಾಲಿದ ಇಡೀ ಮೊಹರು, ಅಬ್ಬಾ ಎಡಗೈಯವರು. ಕೆಳಗೆ ವಿಳಾಸ, ಗುಂಡ್ಲುಪೇಟೆ, ಮೈಸೂರು ಸ್ಟೇಟ್. ತಿರುಗಿಸಿದರೆ ಬೆನ್ನ ಮೇಲೆ ನಮ್ಮ ಕಚೇರಿಯ ದುಂಡನೆಯ ಮೊಹರು, ಕಾಗದ ಬಂದು ಮುಟ್ಟಿದ ದಿನದ್ದು. ಇಂಥದ್ದು ನಾನು ಕಂಡಿರಲಿಲ್ಲ ಅಂತ ಅವರು ಒಪ್ಪಿಕೊಂಡರು. ಇದನ್ನ ನನಗೆ ಕೊಡ್ತೀರಾ ಅಂತಲೂ ಕೇಳಿಬಿಟ್ಟರು! ಆದರೆ ಬೋರ್ಡಿಗೆ ಹಾಕಲು ರೂಲು ಬಿಡುವುದಿಲ್ಲ, ಪಟ್ಟಿಯಲ್ಲಿಲ್ಲದ ಸ್ಟಾಂಪು ಅಂದರು.

ಆಪಾ ಲಕೋಟೆ ಕಿತ್ತುಕೊಂಡರು. ನನ್ನ ಖಾಲಿ ಬೋರ್ಡಿಗೆ ಬಂದು, ನಾಲ್ಕು ಮೂಲೆಗೆ ಕಾಗದದ ಪಟ್ಟಿ ಕೊಟ್ಟು ಅದನ್ನು ಉಲ್ಟಾ ಸಿಕ್ಕಿಸಿದರು, ಬೆನ್ನು ಜನರ ಕಡೆಗೆ.

"ಮುಂದ್ಗಡೆದು ನಿಮ್ ಪುಸ್ತಕದಲ್ಲಿಲ್ಲ, ಸರಿ. ಇದು ನಿಮ್ದೇ ಗೌರ್ಮೆಂಟ್ ಸೀಲು. ನಮ್ಮಪ್ಪ ಇದೇ ಸೀಲು ಇಡ್ಕೊಂಡು ಕೆಲ್ಸ ಕಲ್ತದ್ದು. ತೆಗೀರಿ ನೋಡನ."

ಯಾರೂ ತೆಗೆಯಲಿಲ್ಲ. ಭಾರತದ ಅಂಚೆ ಮೊಹರು ಇರುವ ಕಾಗದವನ್ನು ಅಂಚೆ ಇಲಾಖೆಯವರೇ ಕಿತ್ತೆಸೆಯುವುದು ಹೇಗೆ ಹೇಳಿ. ಆಪಾ ಸಂಜೆಯವರೆಗೂ ಅದರ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಮಾರನೆಯ ದಿನವೂ ಬಂದು ಕೂತರು. ಉಡಿಗಾಲದಿಂದ ಬಂದಿದ್ದ ಶಾಲೆಯ ಮಕ್ಕಳು ಇದೇನು ಹಿಂದುಮುಂದು ಅಂತ ಕೇಳಿದರೆ, ಮುಂದಿನ ಕಥೆಯನ್ನು ಬಾಯಲ್ಲೇ ಹೇಳಿದರು. ಚಿಕ್ಕಪ್ಪನ ಮಗನೂ ಬಂದಿದ್ದ. ದೂರದಲ್ಲೇ ನಿಂತು ನೋಡಿ ಹೊರಟುಹೋದ. ಆಮೇಲೆ ಅವನ ಬಾಯಿಂದ ಮೂಟೆಯ ಮಾತು ಬರಲಿಲ್ಲ. ಬಹುಮಾನ ಯಾರಿಗೋ ಹೋಯಿತು, ಯಾರಿಗೆ ಅಂತ ನೆನಪಿಲ್ಲ.

ಆಪಾ ನನ್ನನ್ನು ಕ್ಷಮಿಸಿದರೋ ಇಲ್ಲವೋ... ಗೊತ್ತಿಲ್ಲ. ರವಿಕೆ ಹೊಲಿದುಕೊಡುವುದನ್ನು ನಿಲ್ಲಿಸಲಿಲ್ಲ. ಹನ್ನೊಂದು ಸ್ಟಾಂಪು ವಾಪಸ್ ಕೊಡಲು ಹೋದರೆ, ನೀನೇ ಇಟ್ಕೊ, ದಿನಾ ನೋಡು ಅಂದರು. ಇಟ್ಟುಕೊಂಡಿದ್ದೇನೆ. ನೋಡುತ್ತೇನೆ.

ಈ ವಾರ ಚಾಮರಾಜನಗರದಲ್ಲಿ ಮತ್ತೆ ಪ್ರದರ್ಶನ. ನನಗೆ ಸರ್ವೀಸು ಇನ್ನು ಒಂದೇ ವರ್ಷ, ವ್ಯವಸ್ಥೆ ನೋಡಿಕೊಳ್ಳುವ ಸಮಿತಿಗೆ ನನ್ನನ್ನೂ ಹಾಕಿದ್ದಾರೆ. ಸೂಚನೆಯ ಕಾಗದದಲ್ಲಿ ಅದೇ ಸಾಲು, ಅಂಥ ಸೀಮೆಗಳ ಸ್ಟಾಂಪು ತರುವಂತಿಲ್ಲ ಅಂತ. ಇಂದು ಬೆಳಿಗ್ಗೆ ಒಂದು ಬೋರ್ಡು ಹಿಡಿದು ಹನ್ನೊಂದು ಅರ್ಧ ಉಂಗುರಗಳನ್ನು ಸಾಲಾಗಿ ಹಾಕಿದೆ. ಕೆಳಗೆ ಬರೆದೆ, ಇವುಗಳ ಉಳಿದರ್ಧ ಕಳೆದವಳು ನಾನು ಅಂತ. ಮೇಲೆ ಆಪಾನ ಲಕೋಟೆ, ಬೆನ್ನು ಮುಂದಾಗಿ. ಲವಂಗದ ವಾಸನೆ ಇನ್ನೂ ಇತ್ತು. ಪಕ್ಕದಲ್ಲಿ ಒಂದು ಸ್ಟೂಲು ಹಾಕಿದೆ. ಅದರ ಮೇಲೆ ನಾನು ಕೂರಲಿಲ್ಲ.

ಹೊಸದಾಗಿ ಸೇರಿದ ಇನ್ಸ್‌ಪೆಕ್ಟರ್ ಹುಡುಗ ಬಂದು ನೋಡಿದ. ಮೇಡಂ, ಉಲ್ಟಾ ಆಗಿದೆ, ಅದೂ ಅಲ್ಲದೆ ಈ ಸ್ಟಾಂಪುಗಳು ರೂಲಿನಲ್ಲಿ ಇಲ್ವಲ್ಲ, ತೆಗೆದುಬಿಡಲಾ ಅಂತ ಮರ್ಯಾದೆಯಿಂದಲೇ ಕೇಳಿದ.

"ತೆಗೀರಿ ನೋಡನ," ಅಂದೆ.

ಆಪಾ ಅಂದಷ್ಟು ಗಟ್ಟಿಯಾಗಿ ನನಗೆ ಬರಲಿಲ್ಲ. ಆದರೂ ಅವನು ಚಾಚಿದ್ದ ಕೈ ಹಿಂದಕ್ಕೆ ತೆಗೆದುಕೊಂಡ.