ಅವ್ವಾರು ಕಾಯ್ದ ಅವರೆ

ಬೆಳಿಗ್ಗೆ ಬಾಗಲಕೋಟೆಯ ಸಂತೆಯಲ್ಲಿ ಅವರೆಕಾಯಿ ಆರಿಸಿಕೊಂಡು ಬಂದೆ. ಬೆರಳಿಗೆ ಹತ್ತಿದ ಸೊಗಡು ಸಾಬೂನಿಗೂ ಹೋಗಲಿಲ್ಲ. ಮೂಸಿ ನೋಡುತ್ತಾ ಕುಳಿತವನಿಗೆ ಕಮತಗಿಯ ಮನೆ ಮಾಲಕಿ ನೆನಪಾದರು. ಊರೆಲ್ಲ ಅವರನ್ನು ಅವ್ವಾರು ಅನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ.

ಎಪ್ಪತ್ತರ ದಶಕದ ಕೊನೆ. ಕೃಷಿ ಸಹಾಯಕನಾಗಿ ಹೊಸದಾಗಿ ಬಂದಿದ್ದೆ. ತಲೆಯ ತುಂಬ ಪುಸ್ತಕ, ಅದರ ಮೇಲೆ ಸಣ್ಣದೊಂದು ಸೊಕ್ಕು! ಅವ್ವಾರ ಮನೆಯಲ್ಲೇ ಬಾಡಿಗೆ ಕೋಣೆ. ಹಿತ್ತಲಾಚೆ ಅವರದೊಂದು ಪಟ್ಟಿ ಅವರೆ. ತವರಿನಿಂದ ತಂದ ಬೀಜ. ಕೂಡಿಟ್ಟಿದ್ದನ್ನೆಲ್ಲ ನುಸಿ ತಿಂದು ಒಂದು ಬೊಗಸೆ ಉಳಿದಿತ್ತು, ಅದನ್ನೇ ಬಿತ್ತಿದ್ದರು. ಈ ಪಟ್ಟಿ ಹೋದರೆ ಆ ತಳಿಯೇ ಹೋದಂತೆ.

ಚಳಿಗಾಲದ ಮೋಡಕ್ಕೆ ಬಳ್ಳಿಗಳಿಗೆ ರಸ ಹೀರುವ ಹೇನು ಬಿತ್ತು. ಕುಡಿಗಳೆಲ್ಲ ಕಪ್ಪು ಕಪ್ಪು, ಜಿಗಿ ಜಿಗಿ. ನಾನು ವಿಷದ ಪುಡಿ ತಂದೆ. ಅವ್ವಾರು ಮುಟ್ಟಗೊಡಲಿಲ್ಲ. ಎಳ್ಳಮಾವಾಸ್ಯೆಗೆ ಬೆಳೆಯ ನಡುವೆ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಅಲ್ಲೇ ಕುಳಿತು ಉಣ್ಣುವುದು ನಮ್ಮ ಕಡೆಯ ಪದ್ಧತಿ.

"ಉಣ್ಣೋ ಜಾಗಾದಾಗ ವಿಷಾ ಹಾಕ್ತಾರೇನ್ರಿ?" ಅಂದುಬಿಟ್ಟರು.

ಒಂದು ದಿನ ಅವರು ಗುಳೇದಗುಡ್ಡಕ್ಕೆ ತಂಗಿಯ ಮನೆಗೆ ಹೋಗಿದ್ದರು. ಎಲೆಗಳ ಕೆಳಗೆ ಕಂದು ಬಣ್ಣದ, ಉಬ್ಬಿದ ಗುಂಡುಗಳು ಕಂಡವು. ಹೇನಿನ ತತ್ತಿಯೇ ಇರಬೇಕೆಂದು ತೀರ್ಮಾನಿಸಿ, ಆ ಎಲೆಗಳನ್ನೆಲ್ಲ ಹರಿದು ಬುಟ್ಟಿ ತುಂಬಿ ಸುಡತೊಡಗಿದೆ. ಅರ್ಧ ಸುಟ್ಟಿರಬೇಕು, ಅವ್ವಾರು ಬಂದರು.

"ಅಯ್ಯ, ಏನ್ ಮಾಡಾಕತ್ತೀರಿ ಸಾಹೇಬ್ರ!"

"ತತ್ತಿ ಸುಡಾಕತ್ತೇನ್ರಿ."

"ಎಲ್ಲೀ ತತ್ತಿ! ಅವು ಸತ್ತ ಹೇನು. ಹೊಟ್ಟ್ಯಾಗ ಬ್ಯಾರೆ ಹುಳಾ ಐತಿ, ಹೇನಿನ ವೈರಿ. ಸಾಲ್ಯಾಗ ಇದನ್ನ ಹೇಳಲಿಲ್ಲೇನು ನಿಮಗ?"

ನಾನು ನಂಬಲಿಲ್ಲ. ಅವರು ಜಗಳಕ್ಕೆ ಬರಲಿಲ್ಲ. ಉಳಿದ ಎಲೆಗಳನ್ನು ಉಪ್ಪಿನಕಾಯಿ ಬರಣಿಗೆ ಹಾಕಿ, ಬಾಯಿಗೆ ಖಣದ ಬಟ್ಟೆಯ ತುಂಡು ಬಿಗಿದು ನನ್ನ ಕಿಟಕಿಯಲ್ಲಿಟ್ಟರು. ನಾಲ್ಕನೆಯ ದಿನ ಆ ಗುಂಡುಗಳ ಬೆನ್ನಿನಲ್ಲಿ ದುಂಡಗೆ ತೂತು ಬಿದ್ದು, ಇರುವೆಗಿಂತ ಸಣ್ಣ ಕರಿ ಕಣಜಗಳು ಹೊರಬಂದವು. ಅವ್ವಾರು ಬರಣಿಯನ್ನು ಹೊಲಕ್ಕೆ ಒಯ್ದು ಬಾಯಿ ಬಿಚ್ಚಿದರು. ಒಂದು ಕಣಜ ಕುಡಿಯ ಮೇಲೆ ಕುಳಿತು, ಬಾಲವನ್ನು ಕಾಲುಗಳ ನಡುವಿನಿಂದ ಮುಂದಕ್ಕೆ ಬಾಗಿಸಿ ಜೀವಂತ ಹೇನಿಗೆ ಚುಚ್ಚಿತು. ಒಳಗೆ ತತ್ತಿ ಇಟ್ಟಿತೆಂದು ಆಗ ತಿಳಿಯಿತು. ಅಬ್ಬಾ, ಎಷ್ಟು ನಾಚಿಕೆಯಾಯಿತು...

ಮುಂದಿನ ಎರಡು ವಾರ ನನಗೆ ಊಟ ರುಚಿಸಲಿಲ್ಲ. ಸುಟ್ಟ ಅರ್ಧ ಬುಟ್ಟಿಯೇ ಕಣ್ಣ ಮುಂದೆ. ಕೆಲವು ಬಳ್ಳಿ ಒಣಗಿದವು. ಆಮೇಲೆ ನಿಧಾನವಾಗಿ ಹೇನುಗಳು ಕಂದಾಗುತ್ತಾ ಬಂದವು, ಹೊಸ ಕುಡಿ ಹಸಿರಾಯಿತು.

ಎಳ್ಳಮಾವಾಸ್ಯೆಯ ದಿನ ಆ ಪಟ್ಟಿಯಲ್ಲೇ ಸಜ್ಜೆ ರೊಟ್ಟಿ, ಪುಂಡಿಪಲ್ಯ, ಹೊಸ ಅವರೆಕಾಳು ಉಂಡೆವು. ಎಂಥ ರುಚಿ! ಬೆಳೆ ಹೇಗೆ ಉಳಿಯಿತೆಂದು ನೆರೆಯವರು ಕೇಳಿದರು. ಅವ್ವಾರು ನನ್ನ ಕಡೆ ಕೈ ತೋರಿಸಿ, "ನಮ್ಮ ಸಾಹೇಬ್ರು ಹುಳಾ ಸಾಕಿ ಬಿಟ್ರರಿ, ಭಾಳ ಶ್ಯಾಣ್ಯಾರದಾರ" ಅಂದರು. ನನ್ನ ಬಾಯಲ್ಲಿ ರೊಟ್ಟಿಯಿತ್ತು. ಸುಮ್ಮನೆ ತಲೆಯಾಡಿಸಿದೆ.

ಮುಂದೆ ಹುನಗುಂದ, ಬಾದಾಮಿ ಎಂದು ಊರೂರು ತಿರುಗಿದೆ. ಉಬ್ಬಿದ ಹೇನು ತೋರಿಸಿ, ಸುಡಬೇಡಿರೆಂದು ಎಷ್ಟೋ ರೈತರಿಗೆ ಹೇಳಿದೆ. ನಾನೇ ಕಂಡುಹಿಡಿದವನ ಹಾಗೆ!

ಅವ್ವಾರು ತೀರಿಕೊಂಡು ಬಹಳ ವರ್ಷವಾಯಿತು. ಅವರ ಸೊಸೆ ಈಗಲೂ ಅದೇ ಬೀಜ ಬಿತ್ತುತ್ತಾಳಂತೆ, ಕೇಳಿದಾಗಲೆಲ್ಲ ಹಿಗ್ಗುತ್ತೇನೆ. ಆದರೆ ಸುಟ್ಟವನು ನಾನು, ಉಳಿಸಿದವರು ಅವರು ಎಂಬ ಒಂದು ಮಾತನ್ನು ಅವತ್ತು ನಾಲ್ಕು ಜನರ ಮುಂದೆ ಆಡಬೇಕಿತ್ತು. ಆ ನಾಲ್ಕು ಜನರೂ ಈಗಿಲ್ಲ.